ದುಡ್ಡಿಲ್ಲದ ಬಾಜಿ: ಎಂಎಂಎ ಫೈಟುಗಳಿಗೆ ನಾನಿಟ್ಟ ಲೆಕ್ಕದ ಪುಸ್ತಕ

ದುಡ್ಡು ಕಟ್ಟದಿದ್ದರೆ ಬಾಜಿಯಲ್ಲಿ ತಲೆಯೇ ಓಡುವುದಿಲ್ಲ ಎಂದು ಶಿವಮೊಗ್ಗದ ನನ್ನ ಗೆಳೆಯರೆಲ್ಲ ಹೇಳುತ್ತಿದ್ದರು. ಈಗ ಅವರಲ್ಲೇ ನಾಲ್ಕೈದು ಜನ ನನ್ನ ಪುಸ್ತಕ ನೋಡಿ ತಮ್ಮದೊಂದು ಶುರು ಮಾಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಫೈಟ್ ನೋಡುವ ಅಭ್ಯಾಸ ಇದ್ದವರಿಗಾಗಿ ಬರೆದದ್ದು. ಸೌತ್‌ಪಾ, ಟೇಕ್‌ಡೌನ್ ಏನೆಂದು ವಿವರಿಸುವುದಿಲ್ಲ.

ಮೊದಲು ಕಾನೂನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆ ಹಣವನ್ನು ಬ್ಯಾಂಕುಗಳೂ ಸಾಗಿಸುವಂತಿಲ್ಲ. ಊರಿನಲ್ಲೇ ಕೈಯಿಂದ ಕೈಗೆ ಕಟ್ಟೋಣವೆಂದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಅದರ ಕಣ್ಣಿಗೆ ಓಸಿ ಚೀಟಿಯೂ ಫೈಟ್ ಬಾಜಿಯೂ ಜೂಜೇ. ಟೆಲಿಗ್ರಾಂನಲ್ಲಿ ಬಾಜಿ ಕಟ್ಟಲು ಐಡಿ ಕೊಡುವವನು ಗೆದ್ದ ಹಣ ನುಂಗಿದರೆ ಯಾವ ಠಾಣೆಗೆ ಹೋಗಿ ದೂರು ಕೊಡುತ್ತೀರಿ? ಆದ್ದರಿಂದ ನನ್ನ ಬಾಜಿ ಪೂರ್ತಿ ಅಂಕಗಳಲ್ಲಿ. ವರ್ಷಕ್ಕೆ 1000 ಅಂಕದ ಗಂಟು. ಮುಗಿದರೆ ಮುಂದಿನ ಜನವರಿವರೆಗೆ ಸುಮ್ಮನೆ ನೋಡಬೇಕು. ಕೈಯಿಂದ ಖರ್ಚಾಗುವುದು ಪುಸ್ತಕಕ್ಕೆ ನೂರರ ಆಸುಪಾಸು, ಮತ್ತೆ ಫೈಟ್ ತೋರಿಸುವ ಆ್ಯಪಿನ ಚಂದಾ.

ಫೈಟಿಗೊಂದು ಸಾಲು. ದಿನ, ಇಬ್ಬರ ಹೆಸರು, ನನ್ನ ಶೇಕಡ (ಗೆಲ್ಲುವ ಸಾಧ್ಯತೆ ಎಷ್ಟೆಂಬ ನನ್ನ ಅಂದಾಜು), ಮಾರುಕಟ್ಟೆಯ ಶೇಕಡ (ಬುಕ್ಕಿಗಳ ದರದಿಂದ ತೆಗೆದದ್ದು), ಇಟ್ಟ ಅಂಕ, ಫಲಿತಾಂಶ, ಕೊನೆಯ ಮನೆಯಲ್ಲಿ ತಪ್ಪಿನ ವರ್ಗ, ಅಂದರೆ ಅಂದಾಜು ತಪ್ಪಿದಷ್ಟರ ಸ್ಕ್ವೇರ್, ಅದರ ಲೆಕ್ಕ ಮುಂದಿದೆ. ಪೆನ್ನಿನಲ್ಲೇ ಬರೆಯಬೇಕು. ಪೆನ್ಸಿಲ್ ಹಿಡಿದವರ ಪುಸ್ತಕದಲ್ಲಿ ಎಲ್ಲ 60ಗಳೂ ಫೈಟ್ ಮುಗಿದ ಭಾನುವಾರ ಮಧ್ಯಾಹ್ನದ ಹೊತ್ತಿಗೆ 75 ಆಗಿರುತ್ತವೆ. ಬರೆದ ಪುಟದ ಫೋಟೊ ತೆಗೆದು ಫೈಟಿಗೆ ಮುಂಚೆಯೇ ಒಬ್ಬ ಗೆಳೆಯನಿಗೆ ಕಳಿಸಿ, ಸಮಯ ಅಲ್ಲೇ ದಾಖಲಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಶೇಕಡ ಬರೆಯುವ ತನಕ ಮಾರುಕಟ್ಟೆಯ ದರ ನೋಡಬೇಡಿ. ನೋಡಿದರೆ ನಿಮ್ಮ ಅಂದಾಜು ಅದರ ಹಿಂದೆಯೇ ಹೋಗುತ್ತದೆ.

ದರವನ್ನು ಶೇಕಡ ಮಾಡುವಾಗ ಅರ್ಧ ದಾರಿಗೆ ನಿಲ್ಲಿಸುವವರೇ ಹೆಚ್ಚು. ಒಬ್ಬನಿಗೆ 1.50 (1 ಇಟ್ಟು ಗೆದ್ದರೆ 1.50 ಮರಳುತ್ತದೆ), ಇನ್ನೊಬ್ಬನಿಗೆ 2.70 ಇದೆ ಎನ್ನಿ. 1ನ್ನು ದರದಿಂದ ಭಾಗಿಸಿದರೆ 66.7 ಮತ್ತು 37.0 ಬರುತ್ತದೆ, ಕೂಡಿದರೆ 103.7. ಆ ಮೇಲಿನ 3.7 ಬುಕ್ಕಿಯ ಪಾಲು. ಎರಡನ್ನೂ 103.7ರಿಂದ ಭಾಗಿಸಿದರೆ ನಿಜವಾದ ಅಂದಾಜು 64.3 ಮತ್ತು 35.7. ಹೋಲಿಸಬೇಕಾದದ್ದು ಇದರ ಜೊತೆ. ನನ್ನ ಶೇಕಡಕ್ಕೂ ಇದಕ್ಕೂ 5ರಷ್ಟಾದರೂ ಅಂತರ ಇಲ್ಲದಿದ್ದರೆ ಅಂಕ ಇಡುವುದಿಲ್ಲ, ಶೇಕಡ ಮಾತ್ರ ಬರೆದಿಡುತ್ತೇನೆ.

ಎಷ್ಟು ಇಡಬೇಕು? 2.70ರವನಿಗೆ ನಾನು 42 ಬರೆದಿದ್ದರೆ ಗಂಟಿನ ಎಷ್ಟು ಪಾಲು ಇಡಬೇಕೆಂದು ಲೆಕ್ಕ ಹಾಕುವ ಕೆಲ್ಲಿ ಸೂತ್ರ ಶೇ 7.9 ಇಡು ಎನ್ನುತ್ತದೆ. ಆ 42 ಸ್ವಲ್ಪ ಹೆಚ್ಚಾಗಿದ್ದರೂ ಅಷ್ಟು ಇಟ್ಟವನು ಬೇಗ ಬರಿಗೈ ಆಗುತ್ತಾನೆ. ಕಾಲು ಭಾಗ ಸಾಕು, ಅಂದರೆ 1000ಕ್ಕೆ 20 ಅಂಕ. ಸೋತಾಗಲೆಲ್ಲ ದುಪ್ಪಟ್ಟು ಇಡುವ ದಾರಿಯನ್ನು ಬೇರೊಂದು ಗಂಟಿನಲ್ಲಿ ನಡೆಸಿ ನೋಡಿದೆ. 10ರಿಂದ ಶುರು ಮಾಡಿ ಆರು ಸಲ ಸಾಲಾಗಿ ಸೋತರೆ 630 ಹೋಯಿತು. ಏಳನೆಯದಕ್ಕೆ 640 ಬೇಕು, ಉಳಿದಿರುವುದು 370. ಆ ಗಂಟು ಮಳೆಗಾಲಕ್ಕೆ ಮುಂಚೆಯೇ ಮುಗಿಯಿತು. ನಾಲ್ವರು ಗಟ್ಟಿಗರನ್ನು ಒಂದೇ ಚೀಟಿಯಲ್ಲಿ ಕಟ್ಟುವ ಪಾರ್ಲೇ ಇನ್ನೂ ಮೋಸದ್ದು. ಒಬ್ಬೊಬ್ಬನಿಗೂ 70 ಇದ್ದರೂ ನಾಲ್ವರೂ ಗೆಲ್ಲುವುದು ಶೇ 24 ಮಾತ್ರ. ಬುಕ್ಕಿಯ ಪಾಲಾದ ಮೇಲಿನ 3.7 ನಾಲ್ಕು ಸಲ ಗುಣಿಸಿಕೊಂಡು 15 ದಾಟುತ್ತದೆ. ಗೆಳೆಯರು ಕೈ ಸುಟ್ಟುಕೊಂಡದ್ದೆಲ್ಲ ಇದರಲ್ಲೇ.

ಪುಸ್ತಕದ ಜೀವ ಇರುವುದು ಅಂದಾಜು ಎಷ್ಟು ತಪ್ಪಿತೆಂದು ಅಳೆಯುವ ಬ್ರಯರ್ ಅಂಕದಲ್ಲಿ. 70 ಎಂದು ಬರೆದವನು ಗೆದ್ದರೆ 0.3ರ ವರ್ಗ 0.09, ಸೋತರೆ 0.7ರ ವರ್ಗ 0.49. ಎಲ್ಲದರ ಸರಾಸರಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಏನೂ ಗೊತ್ತಿಲ್ಲದೆ ಎಲ್ಲಕ್ಕೂ 50 ಬರೆದರೂ 0.25 ಬರುತ್ತದೆ, ಹಾಗಾಗಿ 0.25 ದಾಟಿದರೆ ನೀವು ಫೈಟ್ ನೋಡಿ ಕಲಿತದ್ದೇನೂ ಪುಸ್ತಕಕ್ಕೆ ಇಳಿದಿಲ್ಲ. ನನ್ನದು ಮೊದಲು 0.26ರ ಹತ್ತಿರ ಇತ್ತು, ಈಗ 0.21ರ ಸುತ್ತ ನಿಂತಿದೆ. ಮಾರುಕಟ್ಟೆಗೆ ಕೂದಲೆಳೆ ಹಿಂದೆ. ಮುಖ್ಯ ಫೈಟುಗಳಿಗೆ ಮುಂಚಿನ ಪ್ರಿಲಿಮ್ ಫೈಟುಗಳಲ್ಲಿ ಕೆಲವೊಮ್ಮೆ ಮುಂದೆ. ಶಿವಮೊಗ್ಗದಲ್ಲಿ ಇಷ್ಟು ಸಾಲು ಬರೆದಿಟ್ಟವರು ಇನ್ನೊಬ್ಬರಿದ್ದರೆ ಪುಸ್ತಕ ತರಲಿ, ಎದುರು ಬದುರು ಇಟ್ಟು ನೋಡೋಣ.

85ರ ಮೇಲೆ ನಾನು ಬರೆಯುವುದೇ ಇಲ್ಲ. 2022ರ ಆಗಸ್ಟ್‌ನಲ್ಲಿ ಕಮಾರು ಉಸ್ಮಾನ್ ಐದನೇ ರೌಂಡಿನ ಕೊನೆಯ ನಿಮಿಷದವರೆಗೂ ಗೆಲ್ಲುತ್ತಿದ್ದ, ಲಿಯಾನ್ ಎಡ್ವರ್ಡ್ಸ್‌ನ ಎಡಗಾಲು ತಲೆಗೆ ಬಿತ್ತು. ಅಂಥ ಕಡೆ 95 ಬರೆದವನಿಗೆ ಒಂದೇ ಸಾಲಿನಲ್ಲಿ 0.90 ಬೀಳುತ್ತದೆ.

ಲಾಸ್ ವೇಗಾಸ್ ಕಾರ್ಡಾದರೆ (ಒಂದೇ ದಿನದ ಫೈಟುಗಳೆಲ್ಲ ಸೇರಿ ಒಂದು ಕಾರ್ಡ್) ತೂಕ ಹಾಕುವುದು ನಮಗೆ ಶುಕ್ರವಾರ ರಾತ್ರಿ, ಅಲ್ಲಿಯ ಬೇಸಿಗೆಯಲ್ಲಿ 9.30ಕ್ಕೆ, ಚಳಿಗಾಲದಲ್ಲಿ 10.30ಕ್ಕೆ ಶುರು. ನನ್ನ ಶೇಕಡ ಗುರುವಾರವೇ ಬರೆದಿರುತ್ತೇನೆ. ತೂಕ ನೋಡಿ ಪಕ್ಕದಲ್ಲಿ ಎರಡನೇ ಅಂಕಿ ಬರೆಯುತ್ತೇನೆ, ಮೊದಲನೆಯದನ್ನು ಹೊಡೆದು ಹಾಕುವುದಿಲ್ಲ. ಲೈಟ್‌ವೇಟ್ ಮಿತಿ 155 ಪೌಂಡ್, ಟೈಟಲ್ ಫೈಟ್ ಅಲ್ಲದಿದ್ದರೆ 156ರವರೆಗೆ ಬಿಡುತ್ತಾರೆ. ಟವೆಲ್ ಅಡ್ಡ ಹಿಡಿಸಿ ಒಳಚಡ್ಡಿಯನ್ನೂ ಬಿಚ್ಚಿ, ತುಟಿ ಬಿರಿದು, ತಕ್ಕಡಿಯಿಂದ ಇಳಿಯುವಾಗ ಒಬ್ಬರ ಭುಜ ಹಿಡಿದವನ ಶೇಕಡ ಇಳಿಸುತ್ತೇನೆ. ಎಷ್ಟು ಇಳಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ತೂಕ ಮೀರಿದವನ ಲೆಕ್ಕ ಮಾತ್ರ ಬೇರೆ. ಅವನು ಇಳಿಸುವುದನ್ನು ಅರ್ಧಕ್ಕೆ ಬಿಟ್ಟು ಮೈಯಲ್ಲಿ ನೀರು ಉಳಿಸಿಕೊಂಡಿರಬಹುದು. 2023ರ ಅಕ್ಟೋಬರ್‌ನಲ್ಲಿ ತೂಕ ಮೀರಿ ಬಂದ ಮೈಕ್ ಬ್ರೀಡನ್, ಉತ್ತರಾಖಂಡದ ಅಂಶುಲ್ ಜುಬ್ಲಿಯನ್ನು ಮೂರನೇ ರೌಂಡಿನಲ್ಲಿ ನಾಕೌಟ್ ಮಾಡಿದ.

ಜುಬ್ಲಿ ಹೆಸರು ಬಂದದ್ದರಿಂದ ಇನ್ನೊಂದು ಮಾತು. ನಮ್ಮ ದೇಶದವರು ಇಳಿದಾಗ ಎಲ್ಲರ ಪುಸ್ತಕದಲ್ಲೂ ಹತ್ತು ಶೇಕಡ ತಾನಾಗಿ ಏರುತ್ತದೆ. ಮುಂದೆ 2025ರ ಫೆಬ್ರವರಿಯಲ್ಲಿ ಅವನು ಸಿಡ್ನಿಯಲ್ಲಿ 19 ಸೆಕೆಂಡಿಗೆ ಸೋತ. ಭಾರತದವರ ಫೈಟಿಗೆ ಶೇಕಡ ಬರೆಯಿರಿ, ಅಂಕ ಇಡಬೇಡಿ.

ಎಂಎಂಎ ನಡೆಸುವ ದೊಡ್ಡ ಸಂಸ್ಥೆಯ ದಾಖಲೆ ತಾಣ ಯುಎಫ್‌ಸಿ ಸ್ಟ್ಯಾಟ್ಸ್‌ನ ಅಂಕಿಗಳನ್ನು ಹಾಗೇ ಎತ್ತಿ ಬರೆದರೆ ಕೆಡುತ್ತದೆ. ಟೇಕ್‌ಡೌನ್ ತಡೆಯುವುದರಲ್ಲಿ 80 ಎಂದಿದ್ದರೆ, ಯಾರೆದುರು ತಡೆದದ್ದು? ಬರೀ ಗುದ್ದುವವರ ಎದುರಿನ 80, ಒಬ್ಬ ಒಳ್ಳೆಯ ಕುಸ್ತಿಯವನ ಎದುರು ಮೊದಲ ರೌಂಡಿಗೇ ಕರಗುತ್ತದೆ. ನಾನು ಕೊನೆಯ ನಾಲ್ಕು ಎದುರಾಳಿಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಅವರಲ್ಲಿ ಕೆಡವಲು ನಿಜವಾಗಿ ಪ್ರಯತ್ನಿಸಿದವರನ್ನು ಎಣಿಸುತ್ತೇನೆ. ಒಬ್ಬರೂ ಇಲ್ಲದಿದ್ದರೆ ಆ ಅಂಕಿ ಖಾಲಿ ಎಂದೇ ಲೆಕ್ಕ. ನಾಕೌಟ್ ಆಗಿ ಬೇಗ ಮರಳಿದವರು, ವಾರದ ಮುಂಚೆ ಒಪ್ಪಿಕೊಂಡು ಬಂದವರು, ಕೆಳ ತೂಕಗಳಲ್ಲಿ 35 ದಾಟಿದವರು ಇವರಿಗೆಲ್ಲ ಪಕ್ಕದಲ್ಲಿ ಗುರುತು. ದರ ಫೈಟಿನ ದಿನ ಕಾರಣವಿಲ್ಲದೆ ಜೋರಾಗಿ ಜಾರಿದರೆ ಆ ಸಾಲಿಗೆ ಅಂಕ ಇಲ್ಲ. 2022ರ ನವೆಂಬರ್‌ನ ಡ್ಯಾರಿಕ್ ಮಿನ್ನರ್ ಫೈಟ್ ಹಾಗೆಯೇ ಜಾರಿತ್ತು. ಅವನ ಕಾಲಿನ ಗಾಯ ಮುಚ್ಚಿಟ್ಟದ್ದು ಆಮೇಲೆ ಬಯಲಾಗಿ ತನಿಖೆಯಾಯಿತು.

ಇದೇ ಹಾಳೆಯನ್ನು ಬೇರೆಡೆಗೂ ಹಚ್ಚಿ ನೋಡಿದೆ. ಮಾರಿಕಾಂಬಾ ಜಾತ್ರೆಯ ಬಯಲು ಕುಸ್ತಿಗೆ ಹೊಂದಲಿಲ್ಲ. ಹಳೆಯ ದಾಖಲೆ ಇಲ್ಲ, ಜೋಡಿ ಅಖಾಡದಲ್ಲೇ ಕೂಡುತ್ತದೆ, ಸಮಬಲವೂ ಜಾಸ್ತಿ. ಅಡಿಕೆಯಲ್ಲಿ ರಾಶಿ ಎಂಬ ಬಗೆಯ ದರ ಮುಂದಿನ ವಾರ ಏರುತ್ತದೋ ಇಳಿಯುತ್ತದೋ ಎಂದು ಬರೆದು ಬರೆದು 0.25ರಲ್ಲೇ ಕೂತೆ. ಲಿಂಗನಮಕ್ಕಿ ಜಲಾಶಯ ಇಂಥ ದಿನಕ್ಕೆ 1800 ಅಡಿ ಮುಟ್ಟುತ್ತದೋ ಇಲ್ಲವೋ ಎಂಬುದು ಮಾತ್ರ ಚೆನ್ನಾಗಿ ಬಂತು. 1819 ಪೂರ್ಣಮಟ್ಟ, ದಿನದ ಒಳಹರಿವು ಪತ್ರಿಕೆಯಲ್ಲೇ ಸಿಗುತ್ತದೆ.

ಈಗ ನಡೆಸುತ್ತಿರುವುದು ಜಡ್ಜುಗಳ ಪ್ರಯೋಗ. 2024ರ ಜೂನ್‌ನಲ್ಲಿ ಭಾರತದ ಪೂಜಾ ತೋಮರ್ ಗೆದ್ದ ಫೈಟಿನಲ್ಲಿ ಒಬ್ಬ ಜಡ್ಜ್ ಅವಳಿಗೆ 30-27 ಕೊಟ್ಟರೆ ಇನ್ನೊಬ್ಬರು ಎದುರಾಳಿಗೆ 30-27 ಕೊಟ್ಟರು. ಕಾಮೆಂಟರಿ ಬಂದ್ ಮಾಡಿ ರೌಂಡ್ ರೌಂಡಿಗೆ 10-9 (ರೌಂಡ್ ಗೆದ್ದವನಿಗೆ 10, ಸೋತವನಿಗೆ 9) ಬರೆಯುತ್ತಿದ್ದೇನೆ. ಪೆಟ್ಟು ಮೊದಲು, ಹಿಡಿದು ಒತ್ತಿದ್ದು ಆಮೇಲೆ. ಧ್ವನಿ ಇದ್ದಾಗಿನ ಅಂಕವೂ ಇಲ್ಲದಾಗಿನ ಅಂಕವೂ ಐದು ರೌಂಡಿಗೊಂದರಲ್ಲಾದರೂ ಬೇರೆ ಬರುತ್ತಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ನೇರಪ್ರಸಾರ ತಪ್ಪಿದ ಕಾರ್ಡುಗಳನ್ನೇ ಇದಕ್ಕೆ ಇಟ್ಟುಕೊಂಡಿದ್ದೇನೆ, ಫಲಿತಾಂಶ ಕಿವಿಗೆ ಬೀಳುವ ಮುಂಚೆ ನೋಡಿದರೆ ಸರಿ.