ಕಾರಿನ ಗಾಜಿಗೆ ಐಸ್ ಹಿಡಿದಿದೆಯಾ? ಬಿಸಿನೀರು ಮಾತ್ರ ಸುರಿಯಬೇಡಿ

ಬೆಳಿಗ್ಗೆ ಹೊರಡುವ ಗಡಿಬಿಡಿ, ಕಾರಿನ ಗಾಜು ನೋಡಿದರೆ ಪೂರ್ತಿ ಬಿಳಿ. ಆಗ ಸುಮಾರು ಜನಕ್ಕೆ ಮೊದಲು ಹೊಳೆಯುವುದು ಒಂದೇ: ಒಂದು ಜಗ್ ಬಿಸಿನೀರು ತಂದು ಸುರಿದುಬಿಟ್ಟರೆ ಆಯ್ತಲ್ಲ ಅಂತ. ದಯವಿಟ್ಟು ಬೇಡ. ನೀರು ಬಿದ್ದ ಕಡೆ ಗಾಜು ಥಟ್ಟನೆ ಹಿಗ್ಗುತ್ತದೆ, ಪಕ್ಕದ ಭಾಗ ಇನ್ನೂ ತಣ್ಣಗೇ ಇರುತ್ತದೆ, ಎಲ್ಲೋ ಒಂದು ಸಣ್ಣ ಕಲ್ಲೇಟಿನ ಗುರುತಿದ್ದರೆ ಅಲ್ಲಿಂದಲೇ ಬಿರುಕು ಓಡುತ್ತದೆ. ಗಾಜು ಒಡೆಯಲಿಲ್ಲ ಅಂತಲೇ ಇಟ್ಟುಕೊಳ್ಳಿ, ಆ ನೀರು ಎಲ್ಲಿ ಹೋಗಬೇಕು? ವೈಪರ್ ಬುಡದಲ್ಲಿ, ನಿಮ್ಮ ಕಾಲಡಿಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಉಗುರು ಬೆಚ್ಚಗಿನ ನೀರೂ ಬೇಡ.

ಮೊದಲು ಎಂಜಿನ್ ಚಾಲೂ ಮಾಡಿ. ಅದಕ್ಕೂ ಮುಂಚೆ ಒಂದು ಸಲ ಹಿಂದೆ ಹೋಗಿ ಹೊಗೆಯ ಕೊಳವೆ ನೋಡಿ. ರಾತ್ರಿ ಹಿಮ ಬಿದ್ದು ಅದು ಮುಚ್ಚಿಹೋಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಕಾರಿನೊಳಗೇ ನುಗ್ಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಗ್ಯಾರೇಜ್ ಒಳಗಂತೂ ಬಾಗಿಲು ತೆರೆದಿದ್ದರೂ ಎಂಜಿನ್ ಓಡಿಸಿಕೊಂಡು ನಿಲ್ಲಬೇಡಿ, ಕಾರನ್ನು ಹೊರಗೆ ತನ್ನಿ.

ಈಗ ಡಿಫ್ರಾಸ್ಟ್ ಬಟನ್ ಒತ್ತಿ, ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿ, ಹಿಂದಿನ ಗಾಜಿನ ಹೀಟರನ್ನೂ ಹಾಕಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಇರಲಿ, ಇಲ್ಲದಿದ್ದರೆ ನಿಮ್ಮ ಉಸಿರಿನ ತೇವವೇ ಗಾಜಿಗೆ ಕೂರುತ್ತದೆ. ಎಸಿ ಆನ್ ಮಾಡಿ. ಚಳಿಗಾಲದಲ್ಲಿ ಎಸಿ ಯಾಕೆ ಅಂತೀರಾ? ಅದು ಗಾಳಿಯಲ್ಲಿರುವ ತೇವ ತೆಗೆಯುತ್ತದೆ, ಒಣ ಗಾಳಿಗೆ ಮಬ್ಬು ಬೇಗ ಬಿಡುತ್ತದೆ. ತೀರಾ ಚಳಿ ಇದ್ದರೆ ಎಷ್ಟೋ ಕಾರುಗಳಲ್ಲಿ ಎಸಿ ಕಂಪ್ರೆಸರ್ ಓಡುವುದೇ ಇಲ್ಲ, ಪರವಾಗಿಲ್ಲ, ಹೀಟರ್ ಸಾಕು. ಕೀಲಿ ಕಾರಿನಲ್ಲೇ ಬಿಟ್ಟು ಮನೆಯೊಳಗೆ ಹೋಗಿ ಕೂರಬೇಡಿ, ಕಾರು ಕದಿಯುವವರಿಗೆ ಇದಕ್ಕಿಂತ ಸಲೀಸು ಇನ್ನೇನಿದೆ. ಕೆಲವು ದೇಶಗಳಲ್ಲಿ ಸುಮ್ನೆ ನಿಲ್ಲಿಸಿಕೊಂಡು ಎಂಜಿನ್ ಓಡಿಸಿದರೆ ದಂಡವೂ ಇದೆ.

ಹೀಟರ್ ಬಿಸಿಯಾಗುವಷ್ಟರಲ್ಲಿ ನೀವು ಹೊರಗೆ ಕೆಲಸ ಶುರು ಮಾಡಿ. ಹಿಮ ಇದ್ದರೆ ಬ್ರಷ್ ಹಿಡಿದು ಛಾವಣಿಯಿಂದಲೇ ಕೆಳಗೆ ತಳ್ಳುತ್ತಾ ಬನ್ನಿ. ಛಾವಣಿ ಯಾರಿಗೆ ಕಾಣುತ್ತೆ ಅಂತ ಬಿಟ್ಟರೆ, ಮೊದಲ ಸಲ ಜೋರಾಗಿ ಬ್ರೇಕ್ ಹಾಕಿದಾಗ ಅಷ್ಟೂ ಹಿಮ ಜಾರಿ ಮುಂದಿನ ಗಾಜಿನ ಮೇಲೆ ಬಂದು ಬೀಳುತ್ತದೆ.

ಗಾಜಿಗೆ ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಚಾಕು, ಕಬ್ಬಿಣದ ಪಟ್ಟಿ ಬೇಡ, ಗೀರು ಬಿದ್ದರೆ ಶಾಶ್ವತ, ಎದುರು ಬಿಸಿಲು ಬಂದಾಗಲೆಲ್ಲ ಕಣ್ಣಿಗೆ ಚುಚ್ಚುತ್ತದೆ. ಬ್ಯಾಂಕ್ ಕಾರ್ಡಿನಲ್ಲಿ ಕೆರೆಯುವವರೂ ಇದ್ದಾರೆ, ಚಳಿಗೆ ಕಾರ್ಡ್ ಪಟ್ ಅಂತ ಮುರಿದರೆ ಆಮೇಲೆ ಗೋಳು. ಸ್ಕ್ರೇಪರನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಕೆಳಗೆ ಸಿಕ್ಕಿದ ಧೂಳು ಮರಳುಕಾಗದದ ಕೆಲಸ ಮಾಡುತ್ತದೆ. ಐಸ್ ದಪ್ಪ ಇದ್ದರೆ ಸ್ಕ್ರೇಪರಿನ ಹಲ್ಲಿರುವ ಕಡೆಯಿಂದ ಮೊದಲು ಅಡ್ಡಡ್ಡ ಉದ್ದುದ್ದ ಗೆರೆ ಎಳೆಯಿರಿ, ಆಮೇಲೆ ಚಪ್ಪಟೆ ಕಡೆಯಿಂದ ತಳ್ಳಿದರೆ ಚೂರುಚೂರಾಗಿ ಏಳುತ್ತದೆ.

ಕೆರೆಯುವುದು ಬೇಜಾರು ಅಂದರೆ ಸ್ಪ್ರೇ ಇದೆ, ನನ್ನ ಓಟು ಇದಕ್ಕೇ. 70% ಐಸೊಪ್ರೊಪೈಲ್ ಆಲ್ಕೊಹಾಲ್ (ಚರ್ಮ ಒರೆಸಲು ಬಳಸುವ ರಬ್ಬಿಂಗ್ ಆಲ್ಕೊಹಾಲ್) ಎರಡು ಪಾಲು, ನೀರು ಒಂದು ಪಾಲು, ಒಂದು ಸ್ಪ್ರೇ ಬಾಟಲಿಗೆ ಹಾಕಿ. ನೀರು 0 ಡಿಗ್ರಿಗೆ ಹೆಪ್ಪುಗಟ್ಟಿದರೆ ಶುದ್ಧ ಐಸೊಪ್ರೊಪೈಲ್ ಹೆಪ್ಪುಗಟ್ಟಲು ಸುಮಾರು ಮೈನಸ್ 89 ಡಿಗ್ರಿ ಬೇಕು. ಅದು ಸೇರಿಕೊಂಡ ಕಡೆ ಐಸ್ ಐಸಾಗಿ ಉಳಿಯಲಾರದು. ತೆಳು ಪದರ ಇದ್ದರೆ ಒಂದೆರಡು ನಿಮಿಷದಲ್ಲಿ ಸಡಿಲವಾಗುತ್ತದೆ, ದಪ್ಪ ಗಡ್ಡೆಗೆ ಮಾತ್ರ ಸ್ಕ್ರೇಪರೂ ಬೇಕು. ಬೇಗ ಹೊತ್ತಿಕೊಳ್ಳುವ ವಸ್ತು ಇದು, ಕೈಯಲ್ಲಿ ಸಿಗರೇಟ್ ಹಿಡಿದು ಸ್ಪ್ರೇ ಮಾಡಬೇಡಿ. ವಿನೆಗರ್ ಸಲಹೆ ಎಲ್ಲ ಕಡೆ ಓಡಾಡುತ್ತಿದೆ, ಆದರೆ ಅಡುಗೆಮನೆಯ ವಿನೆಗರಿನಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಉಪ್ಪು ಹಾಕಿದರೆ ಕಾರಿನ ತಗಡಿಗೆ ತುಕ್ಕು.

ವೈಪರ್ ಗಾಜಿಗೆ ಅಂಟಿಕೊಂಡಿದ್ದರೆ ಸ್ವಿಚ್ ಒತ್ತಿ ಬಿಡಿಸಲು ನೋಡಬೇಡಿ. ರಬ್ಬರ್ ಹರಿಯುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಮೋಟಾರೇ ಹೋಗುತ್ತದೆ. ಗಾಜು ಬೆಚ್ಚಗಾದ ಮೇಲೆ ಕೈಯಿಂದ ಮೆಲ್ಲಗೆ ಎತ್ತಿ. ಕನ್ನಡಿ, ಕ್ಯಾಮೆರಾ, ಲೈಟುಗಳನ್ನೂ ಒರೆಸಿ. ಹಳೇ ಹ್ಯಾಲೊಜೆನ್ ಬಲ್ಬಿನ ಶಾಖಕ್ಕೆ ಐಸ್ ತಾನೇ ಕರಗುತ್ತಿತ್ತು, ಎಲ್‌ಇಡಿ ಲೈಟಿನ ಮುಂದೆ ಅಷ್ಟು ಬಿಸಿ ಇರುವುದಿಲ್ಲ. ಇನ್ನು ಚಾಲಕನ ಎದುರು ಅಂಗೈಯಗಲ ಕಿಂಡಿ ಮಾಡಿಕೊಂಡು ಹೊರಡುವ ಜಾಣರ ಬಗ್ಗೆ ಏನು ಹೇಳುವುದು! ಪಕ್ಕದಿಂದ ಬರುವ ಸೈಕಲ್ ಆ ಕಿಂಡಿಯಲ್ಲಿ ಕಾಣುತ್ತದೆಯೇ?

ಬಾಗಿಲು ಅಂಟಿದ್ದರೆ ಜಗ್ಗಬೇಡಿ, ಮೊದಲು ಭುಜ ಕೊಟ್ಟು ಒಳಕ್ಕೆ ಒತ್ತಿ. ರಬ್ಬರ್ ಬೀಡಿಂಗ್ ಮಧ್ಯದ ಐಸ್ ಒಡೆಯುತ್ತದೆ, ಆಮೇಲೆ ಎಳೆಯಿರಿ. ಬೀಡಿಂಗ್‌ಗೆ ಚಳಿಗಾಲದ ಶುರುವಿನಲ್ಲೇ ಸಿಲಿಕೋನ್ ಗ್ರೀಸ್ ಹಚ್ಚಿದರೆ ಈ ಪಾಡೇ ಇಲ್ಲ.

ನಿಜ ಹೇಳಬೇಕೆಂದರೆ ಅರ್ಧ ಕೆಲಸ ಹಿಂದಿನ ರಾತ್ರಿಯದು. ಮೋಡವಿಲ್ಲದ ರಾತ್ರಿ ಗಾಜು ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಹೀಗಾಗಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹವಾಮಾನ ವರದಿಯಲ್ಲಿ 2 ಡಿಗ್ರಿ ಅಂತ ಇದ್ದರೂ ಬೆಳಿಗ್ಗೆ ಗಾಜು ಬಿಳಿಯಾಗುವುದು ಇದಕ್ಕೇ. ಆಕಾಶ ಮರೆಯಾದರೆ ಸಾಕು. ಸೂರಿನಡಿ ನಿಲ್ಲಿಸಿ, ಅದಿಲ್ಲದಿದ್ದರೆ ಗಾಜಿನ ಮೇಲೆ ಕವರ್ ಹೊದಿಸಿ ಅಂಚುಗಳನ್ನು ಬಾಗಿಲಿಗೆ ಸಿಕ್ಕಿಸಿ. ಒದ್ದೆ ಬಟ್ಟೆ, ರಟ್ಟು ಬೇಡ, ಅವೇ ಅಂಟಿಕೊಂಡು ಇನ್ನೊಂದು ತಲೆನೋವು. ಮೂತಿ ಪೂರ್ವಕ್ಕೆ ಮಾಡಿ ನಿಲ್ಲಿಸಿದರೆ ಬೆಳಗಿನ ಬಿಸಿಲೂ ಒಂದು ಕೈ ಹಚ್ಚುತ್ತದೆ. ಎಲೆಕ್ಟ್ರಿಕ್ ಕಾರಿದ್ದವರು ಪುಣ್ಯವಂತರು: ಚಾರ್ಜರ್ ಚುಚ್ಚಿದ್ದಾಗಲೇ ಹೊರಡುವ ಸಮಯ ಹೊಂದಿಸಿಟ್ಟರೆ ಬ್ಯಾಟರಿ ಹೆಚ್ಚು ಖರ್ಚಾಗದೆ ಕಾರು ತಾನೇ ಬೆಚ್ಚಗಾಗಿರುತ್ತದೆ.

ಐಸ್ ಗಾಜಿನ ಒಳಗಡೆಯೂ ಕಟ್ಟುತ್ತಿದೆಯಾ? ಅಂದರೆ ಕಾರಿನೊಳಗೆ ತೇವ ಜಾಸ್ತಿ ಇದೆ. ಒದ್ದೆ ಶೂ, ನೆನೆದ ಮ್ಯಾಟ್, ಎಲ್ಲೋ ಸೋರುವ ಬೀಡಿಂಗ್, ಇವನ್ನು ನೋಡಿ. ಮ್ಯಾಟ್ ತೆಗೆದು ಮನೆಯೊಳಗೆ ಒಣಗಿಸಿ, ರಾತ್ರಿ ಬೀಗ ಹಾಕುವ ಮುಂಚೆ ಒಂದು ನಿಮಿಷ ಬಾಗಿಲು ತೆರೆದು ಒಳಗಿನ ಬೆಚ್ಚನೆ ತೇವದ ಗಾಳಿ ಹೊರಗೆ ಹೋಗಲು ಬಿಡಿ. ಒಳಗಡೆಯಿಂದ ಸ್ಕ್ರೇಪರ್ ಹಾಕಬೇಡಿ, ಅದರಲ್ಲೂ ಹಿಂದಿನ ಗಾಜಿಗೆ. ಹೀಟರಿನ ಸಣ್ಣ ತಂತಿಗೆರೆಗಳು ಇರುವುದು ಒಳಮೈಯಲ್ಲೇ, ಒಂದು ಗೆರೆ ತುಂಡಾದರೂ ಅಷ್ಟು ಪಟ್ಟಿ ಮತ್ತೆ ಬಿಸಿಯಾಗುವುದಿಲ್ಲ.