ಕಾಗದದಲ್ಲಿ ಇಲ್ಲದ 104 ದಿನ

ಒಹಾಯೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. 2012ರ ಚಳಿಗಾಲಕ್ಕೆ ಅವರಿಗೆ 88 ವರ್ಷ. ಹಿಮ ಬಿದ್ದ ದಿನ ನಮ್ಮ ಬಾಗಿಲ ಮುಂದೆ ಎತ್ತುವಾಗ ಅವರ ಬಾಗಿಲ ಮುಂದಿನದನ್ನೂ ಎತ್ತಿಬಿಡುತ್ತಿದ್ದೆ. ಒಂದು ದಿನ ಕಾಫಿಗೆ ಕರೆದರು. ಕಾಲು ಚಾಚಿ ಕೂತು, "ಪಾದಕ್ಕೆ ಜೀವವೇ ಇಲ್ಲ ಕಣಪ್ಪ, 1945ರಿಂದ ಹೀಗೇ" ಅಂದರು. ಯಾಕೆ ಅಂತ ಕೇಳಿದೆ. ಜರ್ಮನರ ಕೈಯಲ್ಲಿ ಸಿಕ್ಕಿಬಿದ್ದಿದ್ದೆ, ಕ್ಯಾಂಪಿನಲ್ಲಿದ್ದೆ ಅಂದರು. ನೆರೆಮನೆಯವರಾಗಿ ಆರು ವರ್ಷ ಆಗಿತ್ತು. ಈ ಮಾತು ಅವತ್ತೇ ಮೊದಲು.

ಯುದ್ಧಕೈದಿ ಅಂದರೆ ನನಗೆ ಗೊತ್ತಿದ್ದದ್ದು ಒಂದೇ ಕಥೆ. 1965ರಲ್ಲಿ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ದು, ಅಯೂಬ್ ಖಾನ್ ಬಿಡುತ್ತೇನೆ ಅಂದರೂ ಅಪ್ಪ ಒಪ್ಪದೆ ಇದ್ದದ್ದು. ಅದನ್ನು ಹೇಳಿದೆ. ಅಜ್ಜ ನಕ್ಕು, "ನನ್ನಪ್ಪ ಆಗಿದ್ದರೆ ಕೂಡಲೇ ಒಪ್ಪುತ್ತಿದ್ದ" ಅಂದರು.

ವಿಷಯ ಏನಂದರೆ, ಮಾಜಿ ಯುದ್ಧಕೈದಿಗಳಿಗೆ ಅಮೆರಿಕದಲ್ಲಿ ವೆಟರನ್ಸ್ ಇಲಾಖೆಯ ವೈದ್ಯಕೀಯ ಸೌಲಭ್ಯ ಜಾಸ್ತಿ. ಚಳಿಯಿಂದ ಪಾದ ಕೆಟ್ಟಿದ್ದರೆ ಅದು ಸೆರೆಯಿಂದಲೇ ಆದದ್ದು ಅಂತ ಕಾನೂನೇ ಭಾವಿಸುತ್ತದೆ, ಬೇರೆ ಸಾಕ್ಷಿ ಬೇಡ. ಆದರೆ ಸೆರೆಯಲ್ಲಿದ್ದದ್ದು ದಾಖಲೆಯಲ್ಲಿ ಇರಬೇಕು. ಅಜ್ಜ ಹಿಂದೊಮ್ಮೆ ಕೇಳಿದ್ದಾಗ ಯಾವುದೋ ಕಚೇರಿಯವರು "ನಿಮ್ಮ ಕಾಗದದಲ್ಲಿ ಹಾಗೇನೂ ಇಲ್ಲ" ಅಂದಿದ್ದರಂತೆ. ಇವರು ಟೋಪಿ ಹಾಕಿಕೊಂಡು ಎದ್ದು ಬಂದಿದ್ದರು. ಅಷ್ಟೇ.

ನಾನು ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸದವನು. ಅದಕ್ಕೂ ಮೊದಲು, ತಿಪಟೂರಿನ ಹತ್ತಿರ ನಮ್ಮ ಎರಡು ಎಕರೆಯ ಪಹಣಿಯಲ್ಲಿ ಅಪ್ಪನ ಹೆಸರು ತಿದ್ದಿಸಲು ತಾಲ್ಲೂಕು ಕಚೇರಿ ಸುತ್ತಿದವನು. "ಪೇಪರ್ಸ್ ಏನಿದೆ ತೋರಿಸಿ" ಅಂದೆ.

ಒಳಗಿಂದ ಒಂದು ಬಿಸ್ಕತ್ ಡಬ್ಬಿ ಬಂತು. ಅದರಲ್ಲಿ ಮೂರು ವಸ್ತು. ಒಂದು, ಅವರ ಅಮ್ಮನಿಗೆ ಬಂದ ಟೆಲಿಗ್ರಾಂ, ಮಡಿಕೆಯಲ್ಲಿ ಹರಿದದ್ದು: ನಿಮ್ಮ ಮಗ ಡಿಸೆಂಬರಿನಿಂದ ಜರ್ಮನಿಯಲ್ಲಿ ಕಾಣೆಯಾಗಿದ್ದಾನೆ ಅಂತ. ಎರಡು, ಕ್ಯಾಂಪಿನಿಂದ ಪೆನ್ಸಿಲಿನಲ್ಲಿ ಬರೆದ ಒಂದು ಕಾರ್ಡು. ಮೂರು, ಬೆಂಕಿಪೊಟ್ಟಣದಷ್ಟು ಅಗಲದ ಬೂದು ತಗಡು. ಮಧ್ಯದಲ್ಲಿ ಸಾಲಾಗಿ ಸೀಳು, ಮೇಲೂ ಕೆಳಗೂ ಅದೇ ನಂಬರು, ಅದೇ "ಸ್ಟಾಲಾಗ್ 9ಬಿ", ಅಂದರೆ ಜರ್ಮನರ ಕೈದಿ ಕ್ಯಾಂಪಿನ ಹೆಸರು. ಕೈದಿ ಸತ್ತರೆ ಅರ್ಧ ಮುರಿದುಕೊಳ್ಳುವುದಕ್ಕೆ ಆ ಸೀಳು. ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರೆ ಅಜ್ಜ ಸುಮ್ನೆ ಕಾಫಿ ಕಲಕುತ್ತಾ ಇದ್ದರು.

ಕಥೆ ಚಿಕ್ಕದು. ಅವರು 106ನೇ ಇನ್‌ಫೆಂಟ್ರಿ ಡಿವಿಷನ್, 423ನೇ ರೆಜಿಮೆಂಟ್. 1944ರ ಡಿಸೆಂಬರ್ 16ರಂದು ಬೆಲ್ಜಿಯಂ-ಜರ್ಮನಿ ಗಡಿಯ ಆರ್ಡೆನ್ಸ್‌ನಲ್ಲಿ ಜರ್ಮನರ ದಾಳಿ ಶುರುವಾದಾಗ ಇವರು ಆ ಗಡಿಗೆ ಬಂದು ವಾರವೂ ಆಗಿರಲಿಲ್ಲ. 19ರಂದು 422 ಮತ್ತು 423, ಎರಡೂ ರೆಜಿಮೆಂಟ್ ಶರಣಾದವು. ಗೆರೋಲ್‌ಸ್ಟೈನ್‌ವರೆಗೆ ನಡಿಗೆ, ಅಲ್ಲಿಂದ ಗೂಡ್ಸ್ ಡಬ್ಬಿಯಲ್ಲಿ ಬೀಗ. ಲಿಂಬರ್ಗ್ ಹತ್ತಿರ ರೈಲು ನಿಂತಿದ್ದಾಗ ಬ್ರಿಟಿಷರದೇ ಬಾಂಬು ಇವರ ಸುತ್ತ ಬಿತ್ತು. ಕ್ರಿಸ್‌ಮಸ್ ಹೊತ್ತಿಗೆ ಬಾಡ್ ಓರ್ಬ್‌ನ ಕ್ಯಾಂಪ್. 1945ರ ಏಪ್ರಿಲ್ 2ಕ್ಕೆ ಬಿಡುಗಡೆ. ಲೆಕ್ಕ ಹಾಕಿದರೆ 104 ದಿನ.

ಇನ್ನು ಅವರ ಡಿಸ್ಚಾರ್ಜ್ ಪೇಪರ್, ಅಂದರೆ ಸೇನೆ ಬಿಡುವಾಗ ಕೊಡುವ ಕಾಗದ. ಎರಡನೇ ಮಹಾಯುದ್ಧದ ಆರ್ಮಿಯವರಿಗೆ ಕೊಟ್ಟದ್ದು 53-55 ಅನ್ನುವ ಫಾರಂ. ಈಗಿನ ಡಿಡಿ 214ರ ಅಜ್ಜ ಅನ್ನಿ. ಅದರಲ್ಲಿ 32ನೇ ಚೌಕ ಯುದ್ಧಗಳಿಗೆ, 33 ಪದಕಗಳಿಗೆ, 34 ಗಾಯಗಳಿಗೆ, ಕೆಳಗೆ 55 ಷರಾಕ್ಕೆ. ಸೆರೆಯಲ್ಲಿದ್ದದ್ದಕ್ಕೆ ಅಂತ ಪ್ರತ್ಯೇಕ ಚೌಕವೇ ಇಲ್ಲ. ಟೈಪ್ ಮಾಡಿದವರಿಗೆ ತೋಚಿದರೆ ಷರಾದಲ್ಲಿ ಬರೆಯುತ್ತಿದ್ದರು. ಇವರದನ್ನು ಟೈಪ್ ಮಾಡಿದವರಿಗೆ ತೋಚಿಲ್ಲ. 1945ರ ಕೊನೆಯಲ್ಲಿ ದಿನಕ್ಕೆ ಸಾವಿರಾರು ಹುಡುಗರು ಮನೆಗೆ ಹೊರಟಿದ್ದರು. ಇವರೂ "ಏನಾದರೂ ಬಿಟ್ಟುಹೋಗಿದೆಯಾ" ಅಂತ ಕೇಳಿದಾಗ ಇಲ್ಲ ಅಂದು ಸಹಿ ಹಾಕಿ ರೈಲು ಹತ್ತಿದರಂತೆ. 21ರ ಹುಡುಗ ಇನ್ನೇನು ಮಾಡುತ್ತಾನೆ.

ಮೂಲ ಕಡತ ಕೇಳೋಣ ಅಂತ ಎಸ್‌ಎಫ್ 180 ಫಾರಂ ತುಂಬಿ, ಅಜ್ಜನ ಸಹಿ ಹಾಕಿಸಿ, ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಕಳಿಸಿದೆ. ಬಂದ ಉತ್ತರ ಎಷ್ಟೋ ಸಾವಿರ ಮನೆಗಳಿಗೆ ಬಂದಿರುವಂಥದ್ದೇ. 1973ರ ಜುಲೈ 12ರಂದು ಅಲ್ಲಿನ ಕಟ್ಟಡಕ್ಕೆ ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತ ಬೂದಿ. 1912ರಿಂದ 1960ರ ನಡುವೆ ಬಿಡುಗಡೆಯಾದ ಆರ್ಮಿಯವರ ಕಡತಗಳಲ್ಲಿ ನೂರಕ್ಕೆ 80 ಹೋದವು. ನಕಲು ಇಟ್ಟಿರಲಿಲ್ಲ, ಮೈಕ್ರೋಫಿಲ್ಮೂ ಇರಲಿಲ್ಲ. ಅಜ್ಜನದೂ ಅದರಲ್ಲಿ ಹೋಗಿತ್ತು. ಜೊತೆಗೆ ಒಂದು ಪ್ರಶ್ನಾವಳಿ ಬಂತು, ನಂಬರ್ 13075: ಯಾವ ಘಟಕ, ಎಲ್ಲಿ ಸೇರಿದ್ದು, ಎಲ್ಲಿ ಬಿಟ್ಟದ್ದು, ನಿಮಗೆ ನೆನಪಿರುವುದನ್ನು ಬರೆಯಿರಿ ಅಂತ.

ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಬಿಡಬೇಡಿ. ಸುಟ್ಟದ್ದು ವ್ಯಕ್ತಿಯ ಕಡತ ಮಾತ್ರ. ಅವರ ಹೆಸರು ಬಿದ್ದ ಬೇರೆ ಕಾಗದಗಳು ಬೇರೆ ಬೇರೆ ಕಪಾಟಿನಲ್ಲಿ ಇದ್ದವು. ಕಂಪನಿಯವರು, ಅಂದರೆ ರೆಜಿಮೆಂಟಿನೊಳಗಿನ ತುಕಡಿಯವರು, ದಿನಾ ಬರೆಯುತ್ತಿದ್ದ ಮಾರ್ನಿಂಗ್ ರಿಪೋರ್ಟ್ ಇದೆ, ಅದರಲ್ಲಿ ಯಾರು ಬಂದರು, ಯಾರು ಹೋದರು, ಯಾರು ಕಾಣೆ ಎಲ್ಲ ಇರುತ್ತದೆ. ಕಂಪನಿಯ ಅಕ್ಷರ (ಎ, ಬಿ, ಸಿ ಹೀಗೆ) ಮತ್ತು ತಿಂಗಳು ಕೊಟ್ಟರೆ ಹುಡುಕಬಹುದು. ಕೊನೇ ಸಂಬಳದ ವೋಚರ್ ಇದೆ. ಇನ್ನೊಂದು ಯಾರಿಗೂ ಹೊಳೆಯದ್ದು, ಊರಿನ ಕೌಂಟಿ ಕೋರ್ಟ್‌ಹೌಸ್. ಯುದ್ಧ ಮುಗಿಸಿ ಬಂದವರು ಎಷ್ಟೋ ಜನ ಡಿಸ್ಚಾರ್ಜ್ ಪೇಪರನ್ನು ಅಲ್ಲಿನ ರೆಕಾರ್ಡರ್ ಹತ್ತಿರ ನೋಂದಾಯಿಸಿದ್ದರು. ಅಜ್ಜನ ಕೈಲಿದ್ದ ಪ್ರತಿ ತೇವ ಹತ್ತಿ ಅರ್ಧ ಓದಲಾಗುತ್ತಿರಲಿಲ್ಲ. ಕೋರ್ಟ್‌ಹೌಸಿನ 1946ರ ಸಂಪುಟದಲ್ಲಿ ಅದೇ ಕಾಗದ ಹೊಸದರಂತೆ ಕೂತಿತ್ತು. 31ನೇ ಚೌಕ ಓದಿದ್ದು ಆಗಲೇ: ಕಾಂಬ್ಯಾಟ್ ಇನ್‌ಫೆಂಟ್ರಿಮನ್ ಬ್ಯಾಡ್ಜ್. ಯುದ್ಧದಲ್ಲಿ ಹೋರಾಡಿದ ಕಾಲಾಳುಗಳಿಗೆ ಕೊಡುವ ಬಿಲ್ಲೆ. ಅದರ ಬೆಲೆ ಆಮೇಲೆ ಗೊತ್ತಾಯಿತು.

ಸೆರೆಗೆ ಸಾಕ್ಷಿ ಬೇಕಲ್ಲ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಆನ್‌ಲೈನ್ ದತ್ತಾಂಶದಲ್ಲಿ ಎರಡನೇ ಮಹಾಯುದ್ಧದ ಯುದ್ಧಕೈದಿಗಳ ಪಟ್ಟಿ ಇದೆ, ಹಳೇ ಪಂಚ್ ಕಾರ್ಡ್‌ಗಳಿಂದ ಮಾಡಿದ್ದು. ಯಾರು ಬೇಕಾದರೂ ಮನೆಯಲ್ಲೇ ಕೂತು ಹುಡುಕಬಹುದು. ಅಜ್ಜನ ಹೆಸರು ಹಾಕಿದೆ. ಇಲ್ಲ. ಕಾಗುಣಿತ ಬದಲಿಸಿ ಹಾಕಿದೆ. ಇಲ್ಲ. ಮೂರು ರಾತ್ರಿ ಹೀಗೇ ಹೋಯಿತು. ಹೆಂಡತಿ, "ನಿಮ್ಮಜ್ಜಿ ಹೆಸರು ರೇಷನ್ ಕಾರ್ಡಿನಲ್ಲಿ ಹೇಗಿತ್ತು ನೆನಪಿದೆಯಾ?" ಅಂತ ಕೇಳಿದಳು. ನಂಜಮ್ಮ ಇದ್ದದ್ದು ಅಂಜಮ್ಮ ಆಗಿತ್ತು. ಹೆಸರು ಬಿಟ್ಟೆ, ನಂಬರ್ ಹಿಡಿದೆ.

ಆರ್ಮಿ ಸೀರಿಯಲ್ ನಂಬರಿಗೆ ಎಂಟು ಅಂಕಿ. ಮೊದಲನೆಯದು 3 ಇದ್ದರೆ ಕಡ್ಡಾಯ ಭರ್ತಿಯಲ್ಲಿ ಹೋದವರು. ಎರಡನೆಯದು ಭರ್ತಿ ಮಾಡಿದ ಪ್ರದೇಶ, 5 ಅಂದರೆ ಒಹಾಯೋ ಮತ್ತು ಅಕ್ಕಪಕ್ಕ. ಅಜ್ಜನದು 35ರಿಂದ ಶುರು. ಹಾಕಿದ ತಕ್ಷಣ ಒಂದೇ ಸಾಲು ಬಂತು. ಉಪನಾಮದಲ್ಲಿ ಎರಡು ಅಕ್ಷರ ಅದಲು ಬದಲು. ಮುಂದೆ: ಹಿಡಿದಿಟ್ಟ ದೇಶ ಜರ್ಮನಿ, ಕ್ಯಾಂಪ್ ಸ್ಟಾಲಾಗ್ 9ಬಿ ಬಾಡ್ ಓರ್ಬ್, ಸ್ಥಿತಿ ಬಿಡುಗಡೆಯಾಗಿ ಸೇನೆಗೆ ವಾಪಸ್. ರಾತ್ರಿ ಹನ್ನೊಂದೂವರೆ ಆಗಿತ್ತು. ಅಜ್ಜನ ಮನೆಯಲ್ಲಿ ದೀಪ ಇತ್ತು, ಆದರೂ ಹೋಗಲಿಲ್ಲ. ಬೆಳಿಗ್ಗೆ ಪ್ರಿಂಟ್ ಹಿಡಿದು ಹೋದೆ. ಅವರು ಕನ್ನಡಕ ಹಾಕಿ ಓದಿ ಹೇಳಿದ ಮೊದಲ ಮಾತು: "ನನ್ನ ಹೆಸರು ತಪ್ಪು ಬರೆದಿದ್ದಾರೆ."

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಸೇನಾ ದಾಖಲೆ ತಿದ್ದುಪಡಿಗೆ ಒಂದು ಮಂಡಳಿ ಇದೆ, ಅದಕ್ಕೆ ಡಿಡಿ 149 ಫಾರಂ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಹಾಕಬೇಕು ಅಂತ ನಿಯಮ. ಆದರೆ ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಮನ್ನಾ ಮಾಡಬಹುದು. ನಾನು ಇಷ್ಟು ಓದಿ ಹುಮ್ಮಸ್ಸಿನಲ್ಲಿ ನೇರ ಅಲ್ಲಿಗೇ ಕಳಿಸಿದೆ. ವಾಪಸ್ ಬಂತು. ಮಂಡಳಿ ಅನ್ನುವುದು ಕೊನೇ ಬಾಗಿಲು. ಕಾಗದ ನೋಡಿ ಗುಮಾಸ್ತರ ಮಟ್ಟದಲ್ಲೇ ತಿದ್ದಬಹುದಾದದ್ದನ್ನು ಮೊದಲು ದಾಖಲೆ ಕೇಂದ್ರದಲ್ಲೇ ಕೇಳಬೇಕು. ಪಹಣಿಗೆ ತಹಸೀಲ್ದಾರರನ್ನು ಬಿಟ್ಟು ಹೈಕೋರ್ಟಿಗೆ ಹೋದಂತೆ ಆಗಿತ್ತು ನನ್ನ ಕಥೆ. ನಾಲ್ಕು ತಿಂಗಳು ಸುಮ್ನೆ ಹೋಯಿತು. 88 ವರ್ಷದವರ ವಿಷಯದಲ್ಲಿ ನಾಲ್ಕು ತಿಂಗಳು ಚಿಕ್ಕದಲ್ಲ.

ಎರಡನೇ ಸಲ ಬರೆಯುವಾಗ ಮೊದಲಿನ ಅರ್ಜಿ ತೆಗೆದು ಓದಿದೆ. ನಾಚಿಕೆ ಆಯಿತು. ನಾಲ್ಕು ಪುಟ, ಹಿಮ, ಹಸಿವು, ಬಾಂಬು, ಎಲ್ಲ ಇತ್ತು. ಕ್ಲೇಮ್ ನೋಡುವ ಕೆಲಸದಲ್ಲಿ ನಾನೇ ಇಂಥ ಪತ್ರಗಳನ್ನು ಪಕ್ಕಕ್ಕಿಟ್ಟು "ರಸೀದಿ ಎಲ್ಲಿ" ಅಂತ ಹುಡುಕುತ್ತೇನೆ ಅಲ್ವಾ? ಹರಿದು ಒಂದೇ ಪುಟಕ್ಕೆ ಇಳಿಸಿದೆ. ಇಂಥ ದಿನ ಸೆರೆ, ಸಾಕ್ಷಿ ಲಗತ್ತು ಒಂದು. ಇಂಥ ದಿನ ಬಿಡುಗಡೆ, ಲಗತ್ತು ಎರಡು. ಹೆಸರಿನ ಅಕ್ಷರ ವ್ಯತ್ಯಾಸ ಇದೆ, ಆದರೆ ಸೀರಿಯಲ್ ನಂಬರ್ ಪತ್ರಾಗಾರದ ಪಟ್ಟಿಯಲ್ಲೂ ಡಿಸ್ಚಾರ್ಜ್ ಪೇಪರಿನಲ್ಲೂ ಒಂದೇ. ಇದನ್ನು ನಾವೇ ಮೊದಲು ಹೇಳಿದ್ದು ಒಳ್ಳೆಯದಾಯಿತು. ಅವರು ಕಂಡುಹಿಡಿದರೆ ಅನುಮಾನ, ನಾವು ಹೇಳಿದರೆ ವಿವರಣೆ. ತಗಡಿನ ಎರಡೂ ಬದಿ ಫೋಟೋ ಹಾಕಿದೆವು. ಮೂಲ ಯಾವುದನ್ನೂ ಕಳಿಸಲಿಲ್ಲ. ಅಜ್ಜ ಟೆಲಿಗ್ರಾಮನ್ನೇ ಲಕೋಟೆಗೆ ಹಾಕಲು ಹೊರಟಿದ್ದರು, ಕಿತ್ತುಕೊಂಡೆ.

ಪದಕಗಳ ವಿಷಯ. ಯುದ್ಧಕೈದಿ ಪದಕ ಅಂತ ಅಮೆರಿಕದಲ್ಲಿ ಬಂದದ್ದೇ 1985ರಲ್ಲಿ. 1917ರ ಏಪ್ರಿಲ್ 5ರ ನಂತರ ಸೆರೆಯಾದವರಿಗೆಲ್ಲ ಹಿಂದಿನಿಂದ ಅನ್ವಯ. ಆದರೆ ತಾನಾಗಿ ಮನೆಗೆ ಬರುವುದಿಲ್ಲ, ಕೇಳಬೇಕು. ಎರಡನೆಯದು ಬ್ರಾಂಜ್ ಸ್ಟಾರ್. ಯುದ್ಧದ ಸಮಯದಲ್ಲಿ ಆ ಇನ್‌ಫೆಂಟ್ರಿ ಬ್ಯಾಡ್ಜ್ ಪಡೆದವರಿಗೆ ಇದು ಸಲ್ಲಬೇಕು ಅಂತ 1947ರಲ್ಲಿ ಆದೇಶ ಆಯಿತು. ಆಗ ಅಜ್ಜ ಟೈರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ ಆಗಿತ್ತು. ಅವರಿಗೆ ಹೇಳುವವರು ಯಾರು? 31ನೇ ಚೌಕದ ಒಂದು ಸಾಲಿನಿಂದ 65 ವರ್ಷದ ಮೇಲೆ ಒಂದು ಪದಕ ಸಿಕ್ಕಿತು.

ಪರ್ಪಲ್ ಹಾರ್ಟ್, ಅಂದರೆ ಗಾಯಗೊಂಡವರಿಗೆ ಕೊಡುವ ಪದಕ, ಅದನ್ನೂ ಕೇಳೋಣ ಅಂತ ನನಗೆ ಆಸೆ. ಸೆರೆಯಲ್ಲಿ ಗಾಯವಾದವರಿಗೂ ಅದು ಸಲ್ಲುತ್ತದೆ. ಒಬ್ಬ ಕಾವಲುಗಾರ ಬಂದೂಕಿನ ಹಿಡಿಯಲ್ಲಿ ಭುಜಕ್ಕೆ ಹೊಡೆದಿದ್ದ ಅಂತ ಅಜ್ಜ ಹೇಳಿದ್ದರು. "ಡಾಕ್ಟರ್ ನೋಡಿದರಾ? ಪಕ್ಕದಲ್ಲಿದ್ದವರು ಬದುಕಿದ್ದಾರಾ?" ಅಂತ ಕೇಳಿದೆ. ಇಲ್ಲ, ಇಲ್ಲ. "ಹಾಗಾದರೆ ಬಿಡು. ಅದು ರಕ್ತ ಸುರಿಸಿದವರದ್ದು" ಅಂದರು. ಬಿಟ್ಟೆವು. ಈಗ ಯೋಚಿಸಿದರೆ ಅದೇ ಸರಿ ಅನ್ನಿಸುತ್ತದೆ. ರುಜುವಾತು ಇಲ್ಲದ ಒಂದನ್ನು ಸೇರಿಸಿದರೆ ಇರುವ ಎರಡರ ಮೇಲೂ ಕಣ್ಣು ಕೆಂಪಾಗುತ್ತದೆ.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಅಂತ ಒಮ್ಮೆ ಕೇಳಿದ್ದೆ. ಬಿಡುಗಡೆ ಆದಮೇಲೆ ಫ್ರಾನ್ಸಿನ ಲಕ್ಕಿ ಸ್ಟ್ರೈಕ್ ಅನ್ನುವ ಕ್ಯಾಂಪಿಗೆ ಒಯ್ದರಂತೆ. ಸಿಗರೇಟಿನ ಹೆಸರಿಟ್ಟ ಕ್ಯಾಂಪು, ಬಿಡುಗಡೆಯಾದ ಕೈದಿಗಳನ್ನೆಲ್ಲ ಸೇರಿಸುತ್ತಿದ್ದ ಜಾಗ. ಅಲ್ಲೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಸೆರೆಯ ಬಗ್ಗೆ ಹೊರಗೆ ಮಾತಾಡಬಾರದು ಅಂತ. ಅದರ ಉದ್ದೇಶ ತಪ್ಪಿಸಿಕೊಳ್ಳುವ ದಾರಿಗಳಂಥ ಗುಟ್ಟು ಕಾಪಾಡುವುದು. ಇವರು ಜೀವಮಾನಕ್ಕೇ ಬಾಯಿಗೆ ಬೀಗ ಅಂದುಕೊಂಡಿದ್ದರು. ಹೆಂಡತಿಗೂ ಹೇಳಿದ್ದು ಮದುವೆಯಾಗಿ ಹದಿನೈದು ವರ್ಷದ ಮೇಲೆ.

ಅರ್ಜಿ ಹೋಗಿ ಏಳು ತಿಂಗಳಿಗೆ ಡಿಡಿ 215 ಬಂತು. ತಿದ್ದುಪಡಿಯ ಕಾಗದ ಅದು. ಹಳೆಯದನ್ನು ಹೊಸದಾಗಿ ಟೈಪ್ ಮಾಡಿಕೊಡುವುದಿಲ್ಲ. ಇಂಥ ಚೌಕಕ್ಕೆ ಇಂಥದ್ದು ಸೇರಿಸಿ ಓದಿಕೊಳ್ಳಿ ಅಂತ ಒಂದು ಹಾಳೆ. 33ಕ್ಕೆ ಎರಡು ಪದಕ, 55ಕ್ಕೆ ಸೆರೆಯ ಎರಡು ತಾರೀಖು. ಪದಕಗಳು ಆಮೇಲೆ ಫಿಲಡೆಲ್ಫಿಯಾದಿಂದ ಪಾರ್ಸೆಲ್‌ನಲ್ಲಿ ಬಂದವು. ಬ್ಯಾಂಡಿಲ್ಲ, ಭಾಷಣ ಇಲ್ಲ. ಅಂಚೆಯವನು ಮೆಟ್ಟಿಲ ಮೇಲಿಟ್ಟು ಹೋದ. ಪಾದದ ಕ್ಲೇಮ್ ಅದಾದಮೇಲೆ ಬೇಗ ಮುಗಿಯಿತು.

ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಇಂಥವರಿದ್ದರೆ, ಅವರು ಬದುಕಿರುವಾಗಲೇ ಸಹಿ ಹಾಕಿಸಿ ಶುರು ಮಾಡಿ. ಹೋದಮೇಲೂ ಮಾಡಬಹುದು. ಸೇವೆ ಬಿಟ್ಟು 62 ವರ್ಷ ಆದ ಕಡತವನ್ನು ಯಾರು ಬೇಕಾದರೂ ಹಣ ಕಟ್ಟಿ ಕೇಳಬಹುದು. ಆದರೆ ಕಂಪನಿಯ ಅಕ್ಷರ ಯಾವುದು ಅಂತ ಕೇಳಲು ಆಗ ಯಾರೂ ಇರುವುದಿಲ್ಲ.

ಕೊನೆಗೆ ಅಜ್ಜನನ್ನು ಕರೆದುಕೊಂಡು ಕೋರ್ಟ್‌ಹೌಸಿಗೆ ಹೋದೆ, ಡಿಡಿ 215ನ್ನೂ ಹಳೇ ಕಾಗದದ ಜೊತೆ ನೋಂದಾಯಿಸಲು. ಶುಲ್ಕ ಇಲ್ಲ. ದೃಢೀಕರಿಸಿದ ಪ್ರತಿ ಎಷ್ಟು ಬೇಕು ಅಂತ ಕೇಳಿದರು. ನಾನು ಎರಡು ಅಂದೆ, ಅಜ್ಜ ನಾಲ್ಕು ಅಂದರು. ಒಂದು ಆಸ್ಪತ್ರೆಗೆ, ಒಂದು ಮಗಳಿಗೆ, ಒಂದು ಅಂತ್ಯಕ್ರಿಯೆಯವರಿಗೆ. ನಾಲ್ಕನೆಯದು ಯಾಕೆ ಅಂತ ಕಾರಿನಲ್ಲಿ ಕೇಳಿದೆ. ಮಾಜಿ ಯುದ್ಧಕೈದಿಗಳಿಗೆ ಬೇರೆಯೇ ನಂಬರ್ ಪ್ಲೇಟ್ ಕೊಡುತ್ತಾರಂತೆ, ಅದಕ್ಕೆ. ಬಿಸ್ಕತ್ ಡಬ್ಬಿ ತೆಗೆದ ದಿನದಿಂದ ಮನಸ್ಸಿನಲ್ಲಿ ಇದ್ದದ್ದು ಅದೇ ಅಂತೆ. ಮನೆಗೆ ಬಂದು ಅಜ್ಜಿಗೆ ಹೇಳಿದೆ. "ಪ್ಲೇಟ್ ಕೊಡಲಿ, ಕಾರಿನ ಕೀಲಿ ಮಾತ್ರ ನಾನು ಕೊಡಲ್ಲ" ಅಂದರು.