ಕೀಬೋರ್ಡ್ ಒರೆಸುವ ಮುಂಚೆ ಒಂದು ಮಾತು

ಮೊದಲು ವೈರ್ ತೆಗೆಯಿರಿ; ವೈರ್‌ಲೆಸ್ ಆದರೆ ಸೆಲ್ ತೆಗೆಯಿರಿ. ತಲೆಕೆಳಗೆ ಹಿಡಿದು ಬೆನ್ನಿಗೆ ಮೆಲ್ಲಗೆ ತಟ್ಟಿ. ನಮ್ಮನೆಯದರಿಂದ ಚಕ್ಕುಲಿ ಚೂರು, ಕೂದಲು, ಒಂದು ಸ್ಟೇಪ್ಲರ್ ಪಿನ್ನೂ ಉದುರಿತು! ಸಂದಿಯ ಧೂಳಿಗೆ ಒಣಗಿದ ಪೇಂಟಿಂಗ್ ಬ್ರಷ್ ಸಾಕು.

ಜಿಡ್ಡಿಗೆ 70% ಐಸೊಪ್ರೊಪೈಲ್ ಆಲ್ಕೋಹಾಲ್ (ಒರೆಸಲು ಬಳಸುವ ಒಂದು ಬಗೆಯ ಸ್ಪಿರಿಟ್) ಒಳ್ಳೆಯದು. ಕೀಗಳ ಮೇಲೆ ನೇರವಾಗಿ ಸುರಿಯಲೇಬೇಡಿ. ಮೆತ್ತನೆ ಬಟ್ಟೆಗೆ ಸ್ವಲ್ಪ ಹಾಕಿ. ಹಿಂಡಿದರೂ ಹನಿ ಬೀಳಬಾರದು, ಅಷ್ಟೇ ಒದ್ದೆ. ಇದು ಬೇಗ ಬೆಂಕಿ ಹಿಡಿಯುತ್ತದೆ, ಹಾಗಾಗಿ ಸ್ಟವ್, ದೀಪದ ಹತ್ತಿರ ಬೇಡ. ನೇಲ್ ಪಾಲಿಶ್ ರಿಮೂವರ್ ಅಂತೂ ಮುಟ್ಟಲೇಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ಕೇ ಹಾಳು.

ಲ್ಯಾಪ್‌ಟಾಪ್ ಆದರೆ ಆಫ್ ಮಾಡಿ ಒರೆಸಿ, ಕೀಗಳನ್ನು ಮೀಟಿ ತೆಗೆಯಲು ಹೋಗಬೇಡಿ. ಅಡಿಯ ತೆಳ್ಳನೆ ಕ್ಲಿಪ್ ಮುರಿದರೆ ಸುಮ್ನೆ ಖರ್ಚು ಅಲ್ವಾ? ಪೂರ್ತಿ ಒಣಗಿದ ಮೇಲೇ ವೈರ್ ಸಿಕ್ಕಿಸಿ.